ಹಸ್ತಪ್ರತಿಗಳ ಸಂಖ್ಯಾಪಾಠ ಮತ್ತು ಒಂಬತ್ತರ ಒರೆ

ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯು ಚಂಗಾಳ್ವರ ಕಾಲದ ಪ್ರಖ್ಯಾತ ಜೈನಕ್ಷೇತ್ರ. ಪನಸೋಗೆಯ ಬಸದಿಗಳು ಅರವತ್ತನಾಲ್ಕೆಂಬುದು ಅಲ್ಲಿಯ ಶಾಸನಪರಂಪರೆ. ಈ 64ನ್ನು ಪ್ರತಿಕಾರನೊಬ್ಬನು ಅಂಕಿಯಲ್ಲಿ 46 ಎಂದು ಬರೆದನೆಂದು ಭಾವಿಸೋಣ. ಎರಡರ ಅಂಕಗಳನ್ನೂ ಕೂಡಿದರೆ 10, ಅದನ್ನು ಮತ್ತೆ ಕೂಡಿದರೆ 1. ಒಂದೇ ಅಂಕವುಳಿಯುವವರೆಗೆ ಕೂಡುತ್ತ ಹೋಗುವ ಈ ಕ್ರಮಕ್ಕೆ ಆ ದೋಷವು ಗೋಚರಿಸುವುದೇ ಇಲ್ಲ.

ಹತ್ತು, ನೂರು, ಸಾವಿರಗಳನ್ನು ಒಂಬತ್ತರಿಂದ ಭಾಗಿಸಿದರೆ ಒಂದೇ ಶೇಷ. ಆದುದರಿಂದ ಅಂಕಗಳ ಮೊತ್ತವು ಸ್ಥಾನವನ್ನು ಗಣಿಸದು. ಸುಮಾರು 950ರ ಎರಡನೆಯ ಆರ್ಯಭಟನು ‘ಮಹಾಸಿದ್ಧಾಂತ’ದಲ್ಲಿ ಇದನ್ನು ಗುಣಾಕಾರಾದಿಗಳ ಪರೀಕ್ಷೆಗೆ ವಿಧಿಸಿದನು. ನಾರಾಯಣ ಪಂಡಿತನು 1356ರ ‘ಗಣಿತಕೌಮುದಿ’ಯಲ್ಲಿ ಒಂಬತ್ತಕ್ಕೇ ನಿಲ್ಲದೆ ಇಷ್ಟವಾದ ಯಾವ ಭಾಜಕವನ್ನಾದರೂ ಒಪ್ಪಿದನು. ಗ್ರಂಥಸಂಪಾದಕನಿಗೆ ಈ ವಿಸ್ತಾರವೇ ಹೆಚ್ಚು ಉಪಯುಕ್ತವೆಂದು ನಮ್ಮ ಅಭಿಪ್ರಾಯ.

ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲಿ (ಎಂ. ರಂಗಾಚಾರ್ಯರ ಮುದ್ರಿತ ಆವೃತ್ತಿ, ಮದರಾಸು, 1912) ಒಂದು ಉದಾಹರಣೆಯುಂಟು: ಒಂದು ಜಿನಾಲಯದ ಪೂಜೆಗೆ 139 ಪುಷ್ಯರಾಗಗಳಾದರೆ 109 ಜಿನಾಲಯಗಳಿಗೆ ಎಷ್ಟು? ಉತ್ತರ 15151. ಒರೆಗೆ ಹಚ್ಚಿದರೆ 139ಕ್ಕೆ 4, 109ಕ್ಕೆ 1, ಗುಣಲಬ್ಧ 4, 15151ಕ್ಕೂ 4. ಲಿಪಿಕಾರನು ಉತ್ತರವನ್ನು 15115 ಎಂದು ಪಲ್ಲಟಿಸಿದರೂ ಅದೇ 4! ಹನ್ನೊಂದರ ಪರೀಕ್ಷೆ ಈ ದೋಷವನ್ನು ಹಿಡಿಯುತ್ತದೆ. ಆದರೆ ಅಂಕಗಳ ವಾಮಗತಿಯನ್ನು ಮರೆತು 139ನ್ನು 931 ಎಂದು ಓದಿದರೆ ಹನ್ನೊಂದೂ ಸೋಲುತ್ತದೆ. ಬೆಸ ಸಂಖ್ಯೆಯಷ್ಟು ಸ್ಥಾನಗಳುಳ್ಳ ರಾಶಿಯನ್ನು ತಿರುಗಿಸಿದರೂ ಅದರ ಹನ್ನೊಂದರ ಶೇಷ ಬದಲಾಗದು. ಏಳರಿಂದ ನೋಡಿದರೆ 931ಕ್ಕೆ ಶೇಷ ಸೊನ್ನೆ, ಉತ್ತರಕ್ಕೆ 3, ದೋಷ ಬಯಲಾಗುತ್ತದೆ. ಉತ್ತರವಾದ 15151 ಮಾತ್ರ ಯಾವ ಕಡೆಯಿಂದ ಓದಿದರೂ ಒಂದೇ. ಆಚಾರ್ಯರಿಗೆ ಇಂತಹ ಹಾರದಂತಹ ಸಂಖ್ಯೆಗಳಲ್ಲಿ ವಿಶೇಷ ಪ್ರೀತಿ.

ಇಂದು ಗಣಕಯಂತ್ರಕ್ಕೆ ಈ ಕೆಲಸವನ್ನು ಕೆಲವೇ ಸಾಲುಗಳ ಸಂಕೇತದಲ್ಲಿ ವಹಿಸಬಹುದು: ಹತ್ತರಿಂದ ಭಾಗಿಸು, ಶೇಷವನ್ನು ಕೂಡಿಸಿಕೊ, ರಾಶಿ ಮುಗಿಯುವವರೆಗೆ ಮುಂದುವರಿಸು, ಮೊತ್ತ ಒಂಬತ್ತನ್ನು ಮೀರಿದರೆ ಮೊದಲಿನಿಂದ ಮಾಡು. ಸುತ್ತುಗಳೇ ಬೇಡವೆಂದರೆ, ರಾಶಿಯಿಂದ ಒಂದನ್ನು ಕಳೆದು, ಒಂಬತ್ತರ ಶೇಷ ಹಿಡಿದು, ಒಂದನ್ನು ಕೂಡಿಸಿದರಾಯಿತು. ಸೊನ್ನೆಗೆ ಮಾತ್ರ ಬೇರೆ ವಿಧಿ. ಯಂತ್ರದ ವೇಗದಿಂದ ಪರೀಕ್ಷೆಯ ಬಲ ಹೆಚ್ಚುವುದಿಲ್ಲ. ಒರೆಯಲ್ಲಿ ಸೋತ ಪಾಠ ದುಷ್ಟವೆಂಬುದು ನಿಶ್ಚಯ; ಗೆದ್ದುದು ಶುದ್ಧವೆಂದು ಅಡಿಟಿಪ್ಪಣಿಯಲ್ಲಿ ಬರೆಯತಕ್ಕದ್ದಲ್ಲ.

ಗಣಿತಗ್ರಂಥದಲ್ಲಾದರೋ ಗುಣ್ಯ, ಗುಣಕ, ಲಬ್ಧಗಳು ಪರಸ್ಪರ ಸಾಕ್ಷಿಗಳು, ಗುಣಿಸಿಯೇ ನಿರ್ಣಯಿಸಬಹುದು. ಪ್ರತಿಯ ಅಂತ್ಯದಲ್ಲಿ ಭೂತಸಂಖ್ಯೆಯಲ್ಲಿ ಕೊಟ್ಟ ಶಕವರ್ಷಕ್ಕೆ ಅಂತಹ ಜೊತೆಗಾರನಿಲ್ಲ. ಅಲ್ಲಿ ಸಂವತ್ಸರ, ತಿಥಿ, ವಾರಗಳನ್ನು ಪಂಚಾಂಗಗಣಿತದೊಡನೆ ತಾಳೆ ನೋಡಿಯೇ ಅಂಕಕ್ರಮವನ್ನು ನಿಶ್ಚಯಿಸಬೇಕು.