ಕಾಲು ಪಾಲಿನಿಂದ ಸಮಪಾಲಿಗೆ

ಮಹಿಳಾ ಹಕ್ಕು ಅಂದ ಕೂಡಲೇ ನಮಗೆ ಅಮೆರಿಕದ ಇಸವಿಗಳು ನೆನಪಾಗ್ತವೆ. 1920ರಲ್ಲಿ ಮತದಾನ, 1963ರಲ್ಲಿ ಸಮಾನ ವೇತನ, 1974ರಲ್ಲಿ ಹೆಂಗಸು ಅನ್ನೋ ಕಾರಣಕ್ಕೆ ಸಾಲ ನಿರಾಕರಿಸಬಾರದು ಅನ್ನೋ ಕಾನೂನು. ನಮ್ಮ ಇಸವಿಗಳು ಎಷ್ಟು ಜನಕ್ಕೆ ಗೊತ್ತು? ಕನಕಪುರ ತಾಲ್ಲೂಕಿನ ನಮ್ಮ ಕೋಡಿಹಳ್ಳಿ ಕಡೆ ಹೆಣ್ಣುಮಕ್ಕಳ ಹಕ್ಕಿನ ಚರಿತ್ರೆ ಬೇಕಂದ್ರೆ ಪಹಣಿ ತೆಗೆದು ನೋಡಬೇಕು, ಅದರಲ್ಲಿ ಯಾರ ಹೆಸರಿದೆ ಅಂತ.

ಮೊದಲ ಮೈಲಿಗಲ್ಲು 1933. ನಾಲ್ವಡಿಯವರ ಕಾಲದ ಮೈಸೂರು ಸಂಸ್ಥಾನ, ಮನೆ ಪಾಲಾಗುವಾಗ ತಾಯಿಗೂ ಮದುವೆಯಾಗದ ಹೆಣ್ಣುಮಕ್ಕಳಿಗೂ ಪಾಲು ಕೊಡಬೇಕು ಅಂತ ಕಾಯ್ದೆ ತಂತು. ಆದ್ರೆ ಮಗಳಿಗೆ ಸಿಗ್ತಿದ್ದದ್ದು ಅಣ್ಣನ ಪಾಲಿನ ಕಾಲು ಭಾಗ. ಅಣ್ಣನಿಗೆ 4 ಎಕರೆ ಬಂದ್ರೆ ತಂಗಿಗೆ 1 ಎಕರೆ. ಕಮ್ಮಿ ಅನ್ನಿಸುತ್ತಲ್ವಾ? ಬ್ರಿಟಿಷ್ ಇಂಡಿಯಾದಲ್ಲಿ 1937ರಲ್ಲಿ ಬಂದ ಕಾಯ್ದೆ ವಿಧವೆಯರನ್ನಷ್ಟೇ ನೋಡಿತು, ಮಗಳನ್ನ ಲೆಕ್ಕಕ್ಕೇ ತಗೊಳ್ಳಲಿಲ್ಲ.

1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಪ್ಪನ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲು ಕೊಟ್ಟಿತು. ಪಿತ್ರಾರ್ಜಿತ ಜಮೀನಿನ ಕಥೆ ಬೇರೆ. ಅಲ್ಲಿ ಮಗ ಹುಟ್ಟುತ್ತಲೇ ಪಾಲುದಾರ, ಮಗಳು ಅಲ್ಲ. ತಾಯಿ ತೀರಿಕೊಂಡಿರೋ ಮನೆ, ಒಬ್ಬ ಮಗ, ಒಬ್ಬಳು ಮಗಳು, 4 ಎಕರೆ ಅನ್ಕೊಳ್ಳಿ. ಅದರಲ್ಲಿ 2 ಎಕರೆ ಮೊದಲೇ ಮಗನದು. ಅಪ್ಪ ಹೋದ ಮೇಲೆ ಅವರ 2 ಎಕರೆ ಇಬ್ಬರಿಗೂ ಹಂಚಿಕೆ. ಕೊನೆಗೆ ಮಗನಿಗೆ 3, ಮಗಳಿಗೆ 1.

1994ರ ಜುಲೈ 30ರಿಂದ ಕರ್ನಾಟಕದ ತಿದ್ದುಪಡಿ ಮಗಳನ್ನೂ ಹುಟ್ಟಿನಿಂದಲೇ ಪಾಲುದಾರಳು ಅಂತು. ಒಂದು ಕಂಡೀಷನ್: ಅಷ್ಟರೊಳಗೆ ಮದುವೆಯಾಗಿದ್ರೆ ಇಲ್ಲ. ಒಂದೇ ಮನೆಯಲ್ಲಿ ತಂಗಿಗೆ ಹಕ್ಕು ಬಂತು, ಮದುವೆಯಾಗಿ ಹೋಗಿದ್ದ ಅಕ್ಕನಿಗೆ ಬರಲಿಲ್ಲ.

ಆ ಕಂಡೀಷನ್ ಹೋಗಿದ್ದು 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರದ ತಿದ್ದುಪಡಿಯಿಂದ. ಆದ್ರೂ ಗೊಂದಲ ಉಳೀತು. 2015ರಲ್ಲಿ, ನಮ್ಮ ರಾಜ್ಯದಿಂದಲೇ ಹೋಗಿದ್ದ ಫೂಲಾವತಿ ಪ್ರಕರಣದಲ್ಲಿ, ಆ ದಿನ ಅಪ್ಪ ಬದುಕಿದ್ದಿರಬೇಕು ಅಂತ ಸುಪ್ರೀಂ ಕೋರ್ಟ್ ಹೇಳ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಅದೇ ಕೋರ್ಟು, ಇದು ಹುಟ್ಟಿನಿಂದ ಬಂದ ಹಕ್ಕು, ಅಪ್ಪ ಇರಲೇಬೇಕು ಅಂತೇನಿಲ್ಲ ಅಂತ ತೀರ್ಮಾನಿಸ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕಾನೂನುಬದ್ಧವಾಗಿ ಆದ ಪಾಲುಪತ್ರ, ಮಾರಾಟಗಳನ್ನ ಮಾತ್ರ ಕೆದಕುವಂತಿಲ್ಲ. ಈಗ ಅದೇ 4 ಎಕರೆಯಲ್ಲಿ ಇಬ್ಬರಿಗೂ ತಲಾ 2.

ಕಾಲು ಪಾಲಿನಿಂದ ಇಲ್ಲಿಗೆ ಬರೋಕೆ 87 ವರ್ಷ. ಅದನ್ನ ಬಿಟ್ಟುಕೊಡೋಕೆ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಒಂದು ಸಹಿ, ಒಂದು ಹೆಬ್ಬೆಟ್ಟು ಸಾಕು. ಬೆಂಗಳೂರು ಹತ್ತಿರ ಬಂದಷ್ಟೂ ನಮ್ಮ ಕಡೆ ಜಮೀನಿನ ರೇಟು ಏರಿದೆ, ಹಕ್ಕು ಬಿಡುಗಡೆ ಪತ್ರಕ್ಕೆ ಬೆಲೆ ಬಂದಿದೆ. "ಒಂದ್ ಸೈನ್ ಹಾಕ್ಬುಟ್ಟು ಹೋಗವ್ವ" ಅಂದ್ರೆ ಅಕ್ಕ ಹಾಕ್ತಾಳೆ. ಯಾಕಂದ್ರೆ ಕೇಳಿದ್ರೆ ಪಾಲು ಬರಬಹುದು, ತವರಿನ ಬಾಗಿಲು ಮುಚ್ಚಬಹುದು. ಗೌರಿ ಹಬ್ಬದ ಅರಿಶಿನ ಕುಂಕುಮ ನಿಲ್ಲಬಹುದು. ಯಾವ ಕಾಯ್ದೆಗೂ ಈ ಭಯಕ್ಕೆ ತಿದ್ದುಪಡಿ ತರೋಕೆ ಆಗಿಲ್ಲ.

ಅದು ನಮ್ಮ ಕೈಲಿದೆ. ಊರಿನ ಆಸ್ತಿ ಪತ್ರಗಳನ್ನ ಈಗ ಓದೋರು, ವಾಟ್ಸಾಪಲ್ಲಿ ಕಳಿಸೋರು ನಾವೇ, ಓದಿ ಪೇಟೆ ಸೇರಿದ ಗಂಡುಮಕ್ಕಳು. ಅಕ್ಕ ಖುಷಿಯಿಂದ ಬಿಟ್ಟುಕೊಟ್ಟರೆ ಅದು ಅವಳ ಇಷ್ಟ. ಆದ್ರೆ ಎಷ್ಟು ಬಿಡ್ತಿದ್ದೀನಿ ಅಂತ ಅವಳಿಗೆ ಗೊತ್ತಿರಬೇಕು. ಮುಂದಿನ ಸಲ ಸಹಿಗೆ ಕರೆಯೋ ಮುಂಚೆ ಪತ್ರ ಪೂರ್ತಿ ಓದಿ ಹೇಳಿ: ಅಕ್ಕ, ನಿನ್ನ ಪಾಲು ಇಷ್ಟು ಎಕರೆ, ಇಷ್ಟು ಗುಂಟೆ. ಬೇಕು ಅಂದ್ರೂ ಹಬ್ಬಕ್ಕೆ ಕರೀತೀವಿ.