ಡೊಂಬಿವಲಿಯ ಮನೆಗೆ ಬೆಲೆ ಬಂದ ಕಥೆ



ಡೊಂಬಿವಲಿಯಲ್ಲಿ ನಿಮ್ಮದೊಂದು ಮನೆಯಿದೆಯೇ? ಇಲ್ಲದಿದ್ದರೆ ನಿಮ್ಮ ಅಣ್ಣನದೋ ಚಿಕ್ಕಮ್ಮನದೋ ಇದ್ದೀತು. ಅಲ್ಲಿ ಮನೆ ನೋಡಲು ಬಂದವರು ಮೊದಲು ಕೇಳುವುದು, “ಸ್ಟೇಷನ್ನಿಗೆ ಎಷ್ಟು ದೂರ?” ಈ ಪ್ರಶ್ನೆಗೆ ದೊಡ್ಡ ಇತಿಹಾಸವೇ ಇದೆ.

1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಥಾಣೆಗೆ ಮೊದಲ ರೈಲು ಓಡಿತು. ಮರುವರ್ಷ ಹಳಿ ಕಲ್ಯಾಣ ಮುಟ್ಟಿತು. ನಡುವೆ ಇರುವ ಡೊಂಬಿವಲಿ ಆಗಿನ್ನೂ ಹಳ್ಳಿ. ಹಳಿ ಬಂದ ಮಾತ್ರಕ್ಕೆ ಅದರ ನೆಲಕ್ಕೆ ಬೆಲೆ ಬರಲಿಲ್ಲ. ಅದಕ್ಕೆ ಮುಂಬಯಿಯಲ್ಲಿ ಬಾಡಿಗೆ ಮನೆಗಳಿಗೆ ಬರ ಬರಬೇಕಾಯಿತು.

1947ರ ಬಾಡಿಗೆ ನಿಯಂತ್ರಣ ಕಾಯಿದೆ 1940ರ ಸೆಪ್ಟೆಂಬರಿನ ಬಾಡಿಗೆಯನ್ನೇ ಅಳತೆಗೋಲು ಮಾಡಿಕೊಂಡಿತು. ಬಾಡಿಗೆದಾರ ಬೀದಿಗೆ ಬೀಳದಿರಲಿ ಎಂಬ ಉದ್ದೇಶವೇನೋ ಒಳ್ಳೆಯದೇ. ಆದರೆ ತಾತ್ಕಾಲಿಕವೆಂದು ಬಂದದ್ದು 1999ರ ಹೊಸ ಕಾಯಿದೆಯವರೆಗೂ ಮುಂದುವರಿಯಿತು. ಬಾಡಿಗೆ ಏರದಿದ್ದರೆ ಬಾಡಿಗೆಗೆಂದು ಚಾಳು ಕಟ್ಟುವವರು ಯಾರು? ಇದ್ದ ಖೋಲಿಗಳ ಪಗಡಿ ಏರಿತು. ಪಗಡಿ ಕೊಡಲಾಗದ ಗುಮಾಸ್ತರು, ಗಿರಣಿಯವರು ಹಳಿ ಹಿಡಿದು ಹೊರಗೆ ನಡೆದರು. ಅವರಲ್ಲಿ ನಮ್ಮ ಕನ್ನಡಿಗರೂ ಇದ್ದರು.

ಹೊರಗೆ ಹೋದವರಿಗೆ ಸಿಕ್ಕಿದ್ದು ಬಾಡಿಗೆ ಮನೆಗಿಂತ ಹೆಚ್ಚಾಗಿ ‘ಓನರ್‌ಶಿಪ್ ಫ್ಲ್ಯಾಟ್’ ಮತ್ತು ಸೊಸೈಟಿ. ಈ ಸೊಸೈಟಿಗೂ ನಮ್ಮ ಕಡೆಗೂ ನಂಟಿದೆ. ಮುಂಬಯಿಯ ಗಾಮದೇವಿಯಲ್ಲಿ 1915ರಲ್ಲಿ ಸಾರಸ್ವತ ಗೃಹ ಸಹಕಾರ ಸಂಘ ಕಟ್ಟಿದವರಲ್ಲಿ ಶ್ರೀಪಾದ ಸುಬ್ರಾವ್ ತಾಲ್ಮಕಿ ಮುಖ್ಯರು. ಅವರು ಕೆನರಾ ಮೂಲದ ಚಿತ್ರಾಪುರ ಸಾರಸ್ವತರು. ತಾರ್‌ದೇವಿನ ತಾಲ್ಮಕಿವಾಡಿ ಇಂದಿಗೂ ಅವರ ಹೆಸರು ಹೊತ್ತಿದೆ. ಒಬ್ಬರಿಂದ ಆಗದ ನೆಲವನ್ನು ಹತ್ತು ಮಂದಿ ಸೇರಿ ಕೊಳ್ಳುವುದು, ಮನೆ ನನ್ನದು, ನೆಲ ನಮ್ಮೆಲ್ಲರದು ಎನ್ನುವುದು ಸಹಕಾರದ ತಿರುಳು.

1960ರ ಸಹಕಾರ ಸಂಘಗಳ ಕಾಯಿದೆ, 1963ರ ಓನರ್‌ಶಿಪ್ ಫ್ಲ್ಯಾಟ್ ಕಾಯಿದೆ ಬಂದ ಮೇಲೆ ಉಪನಗರಗಳಲ್ಲಿ ಬಿಲ್ಡರುಗಳ ಕಾಲ ಶುರುವಾಯಿತು. ಸಾಲ ಮಾಡಿ, ಒಡವೆ ಮಾರಿ, ಊರಿನ ಪಾಲು ಬಿಟ್ಟುಕೊಟ್ಟು ಜನ ಫ್ಲ್ಯಾಟು ಕೊಂಡರು. ಆದರೆ ಒಂದು ಎಡವಟ್ಟಾಯಿತು. ಸೊಸೈಟಿ ನೋಂದಣಿಯಾದ ನಾಲ್ಕು ತಿಂಗಳಲ್ಲಿ ನೆಲವನ್ನು ಅದರ ಹೆಸರಿಗೆ ಬರೆದುಕೊಡಬೇಕೆಂದು ನಿಯಮವಿದ್ದರೂ ಎಷ್ಟೋ ಕಡೆ ಅದು ಆಗಲಿಲ್ಲ. ಹಣ ಕೊಟ್ಟವರ ಕೈಗೆ ಗೋಡೆ ಬಂತು, ನೆಲ ಹಳೆಯ ಹೆಸರಿನಲ್ಲೇ ಉಳಿಯಿತು.

ನಲವತ್ತು ವರ್ಷದ ಕಟ್ಟಡದ ಗೋಡೆಗೆ ಏನು ಬೆಲೆ? ಬೆಲೆಯೆಲ್ಲ ಇರುವುದು ಸ್ಟೇಷನ್ನಿನ ಹತ್ತಿರದ ಆ ನೆಲಕ್ಕೆ. ಕಟ್ಟಡ ಕೆಡವಿ ಹೊಸದು ಕಟ್ಟುವ ಮಾತು ಬಂದಾಗಲೇ ಇದು ಗೊತ್ತಾಗುವುದು. ಮಾಲೀಕ ಬರೆದುಕೊಡದಿದ್ದರೂ ಸೊಸೈಟಿಯೇ ಸರಕಾರದ ಅಧಿಕಾರಿಗೆ ಅರ್ಜಿ ಹಾಕಿ ನೆಲದ ಹಕ್ಕು ಪಡೆಯುವ ದಾರಿಯನ್ನು 2008ರ ತಿದ್ದುಪಡಿ ತೆರೆಯಿತು. ಅದಕ್ಕೆ ‘ಡೀಮ್ಡ್ ಕನ್ವೇಯನ್ಸ್’ ಎನ್ನುತ್ತಾರೆ.

ಮುಂದಿನ ಭಾನುವಾರ ನಿಮ್ಮ ಸೊಸೈಟಿಯ ಸಭೆಯಿದ್ದರೆ ಪಾರ್ಕಿಂಗ್ ಜಗಳ ಸ್ವಲ್ಪ ಬದಿಗಿರಲಿ. ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ನಾವು ನಿಂತಿರುವ ಈ ನೆಲ ಯಾರ ಹೆಸರಿನಲ್ಲಿದೆ?