ಶಿಶುಗಳ ಮಾತು: ಶಾಸ್ತ್ರವೂ ಚಿಕಿತ್ಸೆಯೂ

ವರ್ಣೋಚ್ಚಾರಣೆಯ ವಿಷಯದಲ್ಲಿ ನಮ್ಮ ಪೂರ್ವಿಕರಷ್ಟು ಸೂಕ್ಷ್ಮವಾದ ವಿಚಾರವನ್ನು ನಡೆಸಿದವರು ಪ್ರಾಚೀನ ಪ್ರಪಂಚದಲ್ಲಿ ವಿರಳ. ಆರು ವೇದಾಂಗಗಳಲ್ಲಿ ಒಂದಾದ ಶಿಕ್ಷೆಯು ಕಂಠ, ತಾಲು, ಮೂರ್ಧ, ದಂತ, ಓಷ್ಠಗಳೆಂಬ ಸ್ಥಾನಗಳನ್ನು ನಿರ್ಣಯಿಸಿತು. ಕವರ್ಗದಿಂದ ಪವರ್ಗದವರೆಗೆ ನಮ್ಮ ಅಕ್ಷರಮಾಲೆಯು ಆ ಕ್ರಮದಲ್ಲಿಯೇ ನಿಂತಿದೆ. ಹದಿಮೂರನೆಯ ಶತಮಾನದ ಕೇಶಿರಾಜನೂ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಶಬ್ದವು ನಾಭಿಮೂಲದಿಂದ ಹುಟ್ಟುವ ಬಗೆಯನ್ನು ನಿರೂಪಿಸಿರುವನು.

ಆದರೆ ಶಿಶುವು ಈ ಮಾಲೆಯನ್ನು ಮೊದಲಿನಿಂದ ಹಿಡಿಯುವುದಿಲ್ಲ. ಅದಕ್ಕೆ ಸುಲಭವಾದುವು ತುಟಿಯ ಅಕ್ಷರಗಳಾದ ಮ, ಪ, ಬಗಳು; ಅಮ್ಮ, ಅಪ್ಪ ಎಂಬ ಮಾತುಗಳು ಮುಂದಾಗಿ ಬರುವುದು ಅದರಿಂದಲೇ. ರಕಾರ, ಷಕಾರಗಳು ಬಹಳ ತಡವಾಗಿ ಒಲಿಯುವುವು. ಮೂರು ವರ್ಷದ ಮಗುವು ರಾಗಿಯನ್ನು ‘ಲಾಗಿ’ ಎಂದರೆ ಅದು ವಯೋಧರ್ಮವೇ ಹೊರತು ವ್ಯಾಧಿಯಲ್ಲ.

ಮಾತೇ ಬಾರದ ಮಗುವಿನ ಗತಿಯೇನು? ಇಲ್ಲಿ ಶಾಸ್ತ್ರವು ಕಠಿನವಾಯಿತು. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಕಿವುಡರನ್ನೂ ಮೂಕರನ್ನೂ ದಾಯಕ್ಕೆ ಅನರ್ಹರೆಂದು ಎಣಿಸಿ, ಅವರಿಗೆ ಅನ್ನವಸ್ತ್ರಗಳನ್ನು ಮಾತ್ರ ವಿಧಿಸಿತು. ಬ್ರಿಟಿಷ್ ಇಂಡಿಯಾದಲ್ಲಿ 1928ರ ಕಾಯಿದೆಯು ಈ ನಿರ್ಬಂಧವನ್ನು ಬಹುಮಟ್ಟಿಗೆ ತೆಗೆಯಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೆಯ ಕಲಮು, ರೋಗದಿಂದಾಗಲಿ ಅಂಗದೋಷದಿಂದಾಗಲಿ ಯಾರ ದಾಯವೂ ತಪ್ಪಲಾಗದೆಂದು ಸಾರಿತು. ಹೀಗೆ ಆಸ್ತಿಯ ಹಕ್ಕೇನೋ ದೊರೆಯಿತು. ಮಾತು ದೊರೆಯುವುದಕ್ಕೆ ಬೇರೆ ಸಾಧನವು ಬೇಕಾಗಿತ್ತು.

ನಮ್ಮ ಕಂದಿಕೆರೆಯ ಸುತ್ತಿನ ತೋಟದ ಮನೆಗಳಲ್ಲಿ ಆ ಸಾಧನವೆಂದರೆ ಬಜೆಯ ಬೇರು. ಅದನ್ನು ತೇದು ನಾಲಗೆಗೆ ಸವರಿ, “ಅವರಪ್ಪನಿಗೂ ತಡವಾಗಿಯೇ ಮಾತು ಬಂತು” ಎಂದು ಹಿರಿಯರು ಸಮಾಧಾನ ಹೇಳುವರು. ಈ ವಾತ್ಸಲ್ಯವು ದೊಡ್ಡದು. ಆದರೆ ಅನೇಕ ವೇಳೆ ದೋಷವಿರುವುದು ನಾಲಗೆಯಲ್ಲಲ್ಲ, ಕಿವಿಯಲ್ಲಿ. ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ ಇತರ ಕೂಸುಗಳಂತೆ ಅಳುವುದು, ನಗುವುದು, ಕೂಗಾಡುವುದು; ಆದಕಾರಣ ತಾಯಿಗೂ ಸಂಶಯ ಹುಟ್ಟುವುದಿಲ್ಲ. ಭಾಷೆಯನ್ನು ಹೀರಿಕೊಳ್ಳಬೇಕಾದ ಮೊದಲ ಮೂರು ವರ್ಷಗಳು ಈ ಸಮಾಧಾನದಲ್ಲಿಯೇ ಕಳೆದುಹೋಗುತ್ತವೆ.

ಮೈಸೂರಿನಲ್ಲಿ 1901ರಲ್ಲಿಯೇ ಕಿವುಡರಿಗೂ ಕುರುಡರಿಗೂ ಪಾಠಶಾಲೆಯೊಂದು ಸ್ಥಾಪಿತವಾಗಿತ್ತು. ಅದು ಮಹೋಪಕಾರವೇ ಸರಿ. ಆದರೆ ಪಾಠಶಾಲೆಯನ್ನು ಸೇರುವ ವಯಸ್ಸಿನ ಹೊತ್ತಿಗೆ ಮಾತು ಕಲಿಯುವ ಸುಕಾಲವು ಬಹುಭಾಗ ಮುಗಿದಿರುವುದು. 1965ರಲ್ಲಿ ಅದೇ ನಗರದಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಉದಯಿಸಿತು. ಮರುವರ್ಷವೇ ಮೈಸೂರು ವಿಶ್ವವಿದ್ಯಾನಿಲಯದ ಆಶ್ರಯದಲ್ಲಿ ವಾಕ್ ಶ್ರವಣ ವಿಷಯದ ಸ್ನಾತಕೋತ್ತರ ಶಿಕ್ಷಣವೂ ಮೊದಲಾಯಿತು. ಮಾನಸಗಂಗೋತ್ರಿಯ ಆ ಆವರಣಕ್ಕೆ ನೈಮಿಷಮ್ ಎಂಬ ಹೆಸರು. ಪುರಾಣಗಳನ್ನು ಋಷಿಗಳು ಕಿವಿಗೊಟ್ಟು ಕೇಳಿದ ಅರಣ್ಯದ ಹೆಸರು ಶ್ರವಣಕ್ಕಾಗಿ ದುಡಿಯುವ ಸಂಸ್ಥೆಗೆ ಒಪ್ಪುವಂಥದೇ.

ಈಗ ಮಲಗಿರುವ ಹಸುಗೂಸಿನ ಶ್ರವಣಶಕ್ತಿಯನ್ನೂ ಯಂತ್ರದಿಂದ ಅಳೆಯಬಹುದು. ಒಂದು ತಿಂಗಳೊಳಗೆ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಎಂಬುದು ತಜ್ಞರ ಸೂತ್ರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಹುಟ್ಟುಗಿವುಡುತನವನ್ನೂ ಭಾಷಾವಿಳಂಬವನ್ನೂ ತನ್ನ ತಪಾಸಣೆಯಲ್ಲಿ ಸೇರಿಸಿಕೊಂಡಿದೆ.

ಆದುದರಿಂದ ಗೃಹಸ್ಥರು ಗಮನಿಸತಕ್ಕದ್ದು ಇಷ್ಟು: ಸದ್ದಿಗೆ ಬೆಚ್ಚದ ಕೂಸು, ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದ ಮಗು, ಎರಡು ವರ್ಷವಾದರೂ ಎರಡು ಮಾತನ್ನು ಜೋಡಿಸದ ಮಗು, ಇವರನ್ನು ವೈದ್ಯರಿಗೆ ತೋರಿಸಲು ತಡಮಾಡಬಾರದು. ಮಾತು ತಡವಾದ ಮಕ್ಕಳೆಲ್ಲರೂ ಕಿವುಡರಲ್ಲ. ಬುದ್ಧಿಯ ಬೆಳೆವಣಿಗೆ, ಸೀಳಂಗುಳ, ಆಟಿಸಂ ಮುಂತಾದ ಬೇರೆ ಕಾರಣಗಳೂ ಉಂಟು. ಆದರೆ ಯಾವ ಕಾರಣವಾದರೂ ಮೊದಲು ಕಿವಿಯ ಪರೀಕ್ಷೆಯಾಗತಕ್ಕದ್ದು. ಅಕ್ಷರದ ಸ್ಥಾನಗಳನ್ನು ಸಾವಿರಾರು ವರ್ಷಗಳ ಹಿಂದೆಯೇ ಕಂಡುಕೊಂಡ ನಾಡಿನಲ್ಲಿ, ಯಾವ ಮಗುವೂ ಕೇವಲ ನಮ್ಮ ತಡದಿಂದ ಮಾತಿಗೆ ಎರವಾಗಬಾರದು.